ಅರ್ಜಿಯ ಮೊದಲ ಸಹಿ



ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಗೇಟಿನಿಂದ ಹೊರಬಂದಾಗ ನೀವು ಹೂವನ್ನು ಯಾರಿಂದ ಕೊಳ್ಳುತ್ತೀರಿ? ನವೆಂಬರ್ ತಿಂಗಳಲ್ಲಿ ಅಗಲಿದ ಹಿರಿಯರ ಸಮಾಧಿಗೆ ಹೋಗುವ ದಿನ ಮೇಣದಬತ್ತಿಗಳನ್ನು ಯಾರ ಬುಟ್ಟಿಯಿಂದ ಆರಿಸಿಕೊಳ್ಳುತ್ತೀರಿ? ಅವರ ಮುಖ ನಿಮಗೆ ಗೊತ್ತು, ನಿಮ್ಮ ಮುಖ ಅವರಿಗೆ ಗೊತ್ತು. ಚಿಲ್ಲರೆ ಇಲ್ಲದ ದಿನ "ನಾಳೆ ಕೊಡಿ" ಎನ್ನುವಷ್ಟು ನಂಬಿಕೆಯೂ ಇದೆ. ಆದರೆ ಆ ಮೂರಡಿ ಜಾಗದಲ್ಲಿ ಕೂರಲು ಅವರಿಗೆ ಅಪ್ಪಣೆ ಕೊಟ್ಟವರು ಯಾರು, ಆ ಅಪ್ಪಣೆಯನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಕಿತ್ತುಕೊಳ್ಳಬಹುದು ಎಂದು ಎಂದಾದರೂ ಯೋಚಿಸಿದ್ದೀರಾ? ಅದೇ ಬೀದಿಯಲ್ಲಿ ಮೂವತ್ತು ವರ್ಷ ಓಡಾಡಿದ ನಾನು ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ನನ್ನದೇ ಒಂದು ಸಹಿ. ಆ ಕಥೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮದು ಸುಮಾರು ನಲವತ್ತು ಸಾವಿರ ಜನರಿರುವ ಸಣ್ಣ ಪಟ್ಟಣ. ಬಸ್ ನಿಲ್ದಾಣದಿಂದ ನಮ್ಮ ದೇವಾಲಯದ ತನಕ ಬರುವ ರಸ್ತೆ ಉದ್ದಕ್ಕೂ ವ್ಯಾಪಾರದ ರಸ್ತೆ. ಒಂದು ಬದಿಗೆ ಬಟ್ಟೆ, ಔಷಧಿ, ಪಾತ್ರೆಗಳ ಅಂಗಡಿಗಳು. ಇನ್ನೊಂದು ಬದಿಗೆ ತಳ್ಳುಗಾಡಿಗಳು, ತರಕಾರಿಯ ಬುಟ್ಟಿಗಳು, ಚಪ್ಪಲಿ ಹೊಲಿಯುವವನ ಕೊಡೆ, ಸೀಬೆಹಣ್ಣಿನ ಮುದುಕನ ಗೋಣಿತಾಟು. ದೇವಾಲಯದ ಗೇಟಿಗೆ ಹತ್ತು ಹೆಜ್ಜೆ ದೂರದಲ್ಲಿ ಹೂವಿನಕ್ಕ. ಆಕೆಯ ನಿಜವಾದ ಹೆಸರನ್ನು ಕರೆಯುವವರು ಊರಿನಲ್ಲಿ ಬಹಳ ಜನ ಇರಲಿಲ್ಲ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವರು ಹೂವಿನಕ್ಕ. ನಸುಕಿನಲ್ಲೇ ಬಿಡಿ ಹೂವು ತಂದು, ಐದೂವರೆಗೆಲ್ಲ ಒದ್ದೆ ಗೋಣಿಯ ಮೇಲೆ ಕಾಕಡ, ಸೇವಂತಿಗೆ, ಕನಕಾಂಬರಗಳನ್ನು ಹರಡಿ, ಬಾಳೆನಾರಿನಲ್ಲಿ ಕಟ್ಟುತ್ತ ಕೂರುವರು. ಬೆಳಗಿನ ಪೂಜೆಗೆ ಬರುವವರು, ದೇವಸ್ಥಾನಕ್ಕೆ ಹೋಗುವವರು, ಶಾಲೆಗೆ ಹೊರಟ ಹುಡುಗಿಯರು, ಎಲ್ಲರೂ ಅವರ ಗಿರಾಕಿಗಳೇ. ಒಂಬತ್ತೂವರೆಗೆ ಬುಟ್ಟಿ ಖಾಲಿ. ಆಮೇಲೆ ಆ ಜಾಗದಲ್ಲಿ ಯಾರಾದರೂ ಕೂರುತ್ತಿದ್ದರು ಎಂಬ ಗುರುತೂ ಉಳಿಯುತ್ತಿರಲಿಲ್ಲ, ನಾಲ್ಕು ಉದುರಿದ ಎಸಳುಗಳನ್ನು ಬಿಟ್ಟರೆ.

2017ರ ಮಳೆಗಾಲದ ಒಂದು ಸಂಜೆ ನನ್ನ ಮನೆಯವರು ಆ ರಸ್ತೆಯಲ್ಲಿ ಬರುತ್ತಿದ್ದರು. ಪಾದಚಾರಿ ಮಾರ್ಗದ ತುಂಬ ಗಾಡಿಗಳು. ಇಳಿದು ರಸ್ತೆಗೆ ಕಾಲಿಟ್ಟರು. ಹಿಂದಿನಿಂದ ಬಂದ ಸ್ಕೂಟರ್ ತಗುಲಿ ಬಿದ್ದರು. ಮೊಣಕಾಲಿನ ಚಿಪ್ಪು ಬಿರುಕು ಬಿಟ್ಟು ಆರು ವಾರ ಹಾಸಿಗೆ ಹಿಡಿದರು. ಆ ಆರು ವಾರಗಳಲ್ಲಿ ನನ್ನ ಮನಸ್ಸಿನಲ್ಲಿ ಬೆಳೆದದ್ದು ಕನಿಕರವಲ್ಲ, ಸಿಟ್ಟು. ತೆರಿಗೆ ಕಟ್ಟುವ ನಮಗೆ ನಡೆಯಲು ಜಾಗವಿಲ್ಲ, ಏನೂ ಕಟ್ಟದವರಿಗೆ ರಸ್ತೆಯೇ ಅಂಗಡಿ ಎಂದು ನನಗೆ ತೋರಿತು. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪರವಾಗಿ ಅರ್ಜಿಯನ್ನು ನಾನೇ ಬರೆದೆ. ಮೂವತ್ತಮೂರು ವರ್ಷ ಕನ್ನಡ ಕಲಿಸಿದ ಮೇಷ್ಟ್ರು ನಾನು. ಅರ್ಜಿ ಚೆನ್ನಾಗಿಯೇ ಇತ್ತು. "ಸದರಿ ರಸ್ತೆಯ ಎಲ್ಲ ಅತಿಕ್ರಮಣಗಳನ್ನು ಕೂಡಲೇ ತೆರವುಗೊಳಿಸಬೇಕು" ಎಂದು ಮುಗಿಸಿದೆ. ಅದರ ಕೆಳಗೆ ಅರವತ್ತು ಚಿಲ್ಲರೆ ಸಹಿಗಳು ಬಿದ್ದವು. ಮೊದಲ ಸಹಿ ನನ್ನದು.

ನನ್ನ ದೂರು ಸುಳ್ಳಾಗಿರಲಿಲ್ಲ ಎಂಬುದನ್ನು ಇಂದಿಗೂ ಹೇಳುತ್ತೇನೆ. ನಡೆಯುವವರಿಗೆ, ಅದರಲ್ಲೂ ವಯಸ್ಸಾದವರಿಗೆ ಮತ್ತು ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ಪಾದಚಾರಿ ಮಾರ್ಗ ಬೇಕೇ ಬೇಕು. ಆದರೆ "ಎಲ್ಲ" ಎಂಬ ಒಂದು ಪದವನ್ನು ಬರೆಯುವಾಗ ಅದರೊಳಗೆ ಯಾರು ಯಾರು ಸೇರುತ್ತಾರೆ ಎಂದು ನಾನು ಎಣಿಸಿ ನೋಡಲಿಲ್ಲ.

ಅರ್ಜಿ ಕೊಟ್ಟ ಮೂರನೆಯ ವಾರ, ಒಂದು ಗುರುವಾರ ಮುಂಜಾನೆ ಆರೂವರೆಗೆ ಲಾರಿ ಬಂದಿತು. ಅದರ ಹಿಂದೆ ಜೆಸಿಬಿ. ಮುಂಚಿತವಾಗಿ ನೋಟಿಸು ಇರಲಿಲ್ಲ. ತಳ್ಳುಗಾಡಿಗಳನ್ನು, ತಕ್ಕಡಿಗಳನ್ನು, ಬುಟ್ಟಿಗಳನ್ನು ಎತ್ತಿ ಲಾರಿಗೆ ತುಂಬಿದರು. ನಾನು ಪೂಜೆಗೆಂದು ಬಂದವನು ಗೇಟಿನ ಬಳಿ ನಿಂತಿದ್ದೆ. ನನ್ನ ಮನೆಯವರನ್ನು ಬೀಳಿಸಿದ ಗಾಡಿಗಳು ಸಂಜೆಯವು. ಆ ಹೊತ್ತಿನಲ್ಲಿ ಅವು ಅಲ್ಲಿ ಇರಲೇ ಇಲ್ಲ. ಇದ್ದವರು ಬೆಳಗಿನವರು. ಹೂವಿನಕ್ಕನ ಒದ್ದೆ ಗೋಣಿಯನ್ನು ನಾಲ್ಕು ಮೂಲೆ ಹಿಡಿದು ಮೂಟೆ ಮಾಡಿ ಮೇಲೆಸೆದರು. ಅದರೊಳಗೆ ಆ ದಿನದ ಹೂವೆಲ್ಲ ಇತ್ತು. ಅವರು ಕೂಗಲಿಲ್ಲ, ಅಳಲಿಲ್ಲ. ಲಾರಿಯ ಹಿಂದೆ ಸ್ವಲ್ಪ ದೂರ ನಡೆದು ನಿಂತುಬಿಟ್ಟರು. ಕೈಯಲ್ಲಿ ಅರ್ಧ ಕಟ್ಟಿದ ಮಾಲೆಯೊಂದು ಉಳಿದಿತ್ತು.

ಅಂದು ಸಂಜೆಯೇ ಅವರು ನಮ್ಮ ಮನೆಯ ಬಾಗಿಲಿಗೆ ಬಂದರು. "ಮೇಷ್ಟ್ರೇ, ಪುರಸಭೆಗೆ ಒಂದು ಅರ್ಜಿ ಬರೆದುಕೊಡಿ. ನಿಮ್ಮ ಅಕ್ಷರ ಅಂದರೆ ಆಫೀಸಿನವರು ಓದುತ್ತಾರೆ" ಎಂದರು.

ಓದುಗರೇ, ಆ ಕ್ಷಣದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರೋ ನನಗೆ ಗೊತ್ತಿಲ್ಲ. ನಾನು ಸತ್ಯ ಹೇಳಲಿಲ್ಲ. "ನಾಳೆ ಬನ್ನಿ, ಬರೆದಿಟ್ಟಿರುತ್ತೇನೆ" ಎಂದಷ್ಟೇ ಹೇಳಿ ಒಳಗೆ ಹೋದೆ. ಊಟ ಸೇರಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ ನನ್ನ ಮನೆಯವರು ಒಂದೇ ಮಾತು ಹೇಳಿದರು: "ನನಗೆ ಗುದ್ದಿದ್ದು ಸ್ಕೂಟರು, ಹೂವಿನಕ್ಕ ಅಲ್ಲ."

ಬರೆಯಬೇಕೆಂದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯಬೇಕಿತ್ತು. ವಕೀಲನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಆ ರಾತ್ರಿಯೇ ಕಾಯ್ದೆಯ ಪ್ರತಿಯೊಂದನ್ನು ತಂದುಕೊಟ್ಟ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಕಾಯ್ದೆ, 2014. ಆ ವರ್ಷದ ಮೇ 1ರಿಂದ ಜಾರಿಗೆ ಬಂದಿದ್ದ ಕಾನೂನು. ಮೂರು ವರ್ಷ ಕಳೆದಿದ್ದರೂ ನಮ್ಮ ಊರಿನಲ್ಲಿ ಅದರ ಹೆಸರು ಕೇಳಿದವರು ಎಷ್ಟು ಜನ ಇದ್ದರೋ! ಅದನ್ನು ಓದುತ್ತ ಹೋದಂತೆ ನನ್ನ ಅರ್ಜಿಯ ಒಂದೊಂದು ಸಾಲೂ ನನ್ನನ್ನು ಚುಚ್ಚತೊಡಗಿತು.

ಊರಿನ ಎಲ್ಲ ಬೀದಿ ವ್ಯಾಪಾರಿಗಳ ಸಮೀಕ್ಷೆ ಮುಗಿದು ಅವರಿಗೆ ವ್ಯಾಪಾರ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು ಎಂದು ಕಾಯ್ದೆ ಹೇಳುತ್ತದೆ. ಸ್ಥಳಾಂತರಿಸಲೇಬೇಕಾದರೆ ಮೂವತ್ತು ದಿನಗಳ ನೋಟಿಸು ಕೊಡಬೇಕು. ಸರಕು ವಶಪಡಿಸಿಕೊಂಡರೆ ಅದರ ಪಟ್ಟಿ ಮಾಡಿ ಸಹಿ ಹಾಕಿ ಕೊಡಬೇಕು. ಶುಲ್ಕ ಕಟ್ಟಿ ಕೇಳಿದಾಗ, ಕೆಡುವಂಥ ಪದಾರ್ಥವನ್ನು ಅದೇ ದಿನ, ಬೇರೆಯದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಹೂವಿನಕ್ಕನ ಕೈಗೆ ಯಾವ ಪಟ್ಟಿಯೂ ಬಂದಿರಲಿಲ್ಲ. ಎರಡು ದಿನ ಲಾರಿಯಲ್ಲೇ ಕೊಳೆತ ಮೇಲೆ ಅವರಿಗೆ ಸಿಕ್ಕಿದ್ದು ಖಾಲಿ ಗೋಣಿ ಮಾತ್ರ.

ಈ ಕಾನೂನು ಒಂದೇ ದಿನದಲ್ಲಿ ಆಕಾಶದಿಂದ ಇಳಿದದ್ದಲ್ಲ. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನದ 19ನೆಯ ವಿಧಿಯ ರಕ್ಷಣೆಗೆ ಒಳಪಟ್ಟ ವೃತ್ತಿ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಆದರೆ ಇಂಥದೇ ಜಾಗದಲ್ಲಿ ಕೂರುತ್ತೇನೆಂಬ ಹಕ್ಕು ಯಾರಿಗೂ ಇಲ್ಲ, ಸಂಚಾರದ ಅನುಕೂಲ ನೋಡಿ ನಿಯಂತ್ರಿಸಬಹುದು ಎಂದೂ ಹೇಳಿತು. 2010ರಲ್ಲಿ ಗೇಂದಾ ರಾಮ್ ಪ್ರಕರಣದಲ್ಲಿ, ಈ ಹಕ್ಕನ್ನು ಹೀಗೆ ತೂಗುಯ್ಯಾಲೆಯಲ್ಲಿ ಬಿಡಬಾರದು, 2011ರ ಜೂನ್ 30ರೊಳಗೆ ಕಾನೂನು ಮಾಡಿ ಎಂದು ಆದೇಶಿಸಿತು. ಇದರ ಹಿಂದೆ ದಶಕಗಳ ಕಾಲ ಹೋರಾಡಿದವರಲ್ಲಿ ಅಹಮದಾಬಾದಿನ ಇಳಾ ಭಟ್ ಪ್ರಮುಖರು. ಬುಟ್ಟಿ ಹೊತ್ತು ಮಾರುವ ಹೆಂಗಸರನ್ನು, ಮನೆಯಲ್ಲೇ ದುಡಿಯುವವರನ್ನು ಒಟ್ಟುಗೂಡಿಸಿ 1972ರಲ್ಲಿ ಅವರು ಕಟ್ಟಿದ ಸೇವಾ ಸಂಘಟನೆಯು ಅಲ್ಲಿನ ಮಾಣೇಕ್ ಚೌಕದ ತರಕಾರಿ ಮಾರುವವರ ಪರವಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು.

ಬೆಳಗಾಗುವಷ್ಟರಲ್ಲಿ ಅರ್ಜಿ ಸಿದ್ಧವಾಯಿತು. ಹೂವಿನಕ್ಕ ಬಂದು ಹೆಬ್ಬೆಟ್ಟು ಒತ್ತಿದರು. ನಾನು ಬಾಯಿ ಬಿಡಲಿಲ್ಲ.

ಅರ್ಜಿಗಳು, ಓಡಾಟ, ವ್ಯಾಪಾರಿಗಳೆಲ್ಲ ಕೂಡಿ ನಡೆಸಿದ ಒಂದು ದಿನದ ಧರಣಿ, ಇವೆಲ್ಲ ಆದ ಮೇಲೆ ಪುರಸಭೆ ಸಮೀಕ್ಷೆಗೆ ಕೈಹಾಕಿತು. ನನ್ನ ಮನಸ್ಸು ಹಗುರಾಯಿತು. ಪಟ್ಟಿ ಗೋಡೆಗೆ ಅಂಟಿಸಿದ ದಿನ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಹೂವಿನಕ್ಕನ ಹೆಸರು ಇರಲಿಲ್ಲ. ವಿಚಾರಿಸಿದರೆ ಸಿಕ್ಕ ಉತ್ತರ ಸರಳ. ಸಮೀಕ್ಷೆಯವರು ಕಚೇರಿ ತೆರೆದ ಮೇಲೆ ಹೊರಟು, ನಮ್ಮ ರಸ್ತೆಗೆ ಬಂದಾಗ ಹನ್ನೊಂದೂವರೆ. ಬೆಳಗಿನ ಐದೂವರೆಯ ಅಂಗಡಿ ಹನ್ನೊಂದೂವರೆಗೆ ಅಲ್ಲಿ ಏಕೆ ಇರುತ್ತದೆ? ಹಾಲಿನವನಿಲ್ಲ, ಸೊಪ್ಪಿನವಳಿಲ್ಲ, ಹೂವಿನವಳಿಲ್ಲ. ಮೋಸ ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ಅವರ ಗಡಿಯಾರವೇ ಬೇರೆ, ಇವರ ಗಡಿಯಾರವೇ ಬೇರೆ.

ಕಾಯ್ದೆಯ ಪ್ರಕಾರ ಇಂಥ ವಿಷಯಗಳನ್ನು ನೋಡಲು ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ನಮ್ಮಂಥ ಊರಿನಲ್ಲಿ ಪುರಸಭೆಯ ಮುಖ್ಯಾಧಿಕಾರಿಗಳೇ ಅದರ ಅಧ್ಯಕ್ಷರು. ಪೊಲೀಸರು, ವೈದ್ಯಾಧಿಕಾರಿ, ಬ್ಯಾಂಕಿನವರು, ಅಂಗಡಿಕಾರರ ಸಂಘ, ನಿವಾಸಿಗಳ ಸಂಘ ಎಲ್ಲರಿಗೂ ಅಲ್ಲಿ ಸ್ಥಾನವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ತಮ್ಮೊಳಗಿಂದ ಆರಿಸಿ ಕಳುಹಿಸಿದವರಾಗಿರಬೇಕು. ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಈ ಸಮಿತಿಯ ಶಿಫಾರಸಿನ ಮೇಲೆಯೇ ಎಲ್ಲಿ ವ್ಯಾಪಾರ, ಎಲ್ಲಿ ನಿಷೇಧ ಎಂಬ ಯೋಜನೆ ಸಿದ್ಧವಾಗಬೇಕು. ನಮ್ಮ ಊರಿನಲ್ಲಿ ಸಮಿತಿ ರಚನೆಯಾದಾಗ ನಿವಾಸಿಗಳ ಪರವಾಗಿ ಯಾರನ್ನು ಕರೆಯುವುದು ಎಂಬ ಪ್ರಶ್ನೆ ಬಂತು. ಅರ್ಜಿಯ ಮೊದಲ ಸಹಿ ನನ್ನದಾದ್ದರಿಂದ ನನ್ನನ್ನೇ ಕರೆದರು!

ಮೊದಲ ಸಭೆಯನ್ನು ಮರೆಯಲಾರೆ. ಉದ್ದನೆಯ ಮೇಜಿನ ಈಚೆ ಬದಿಯಲ್ಲಿ ನಾವು, ಆಚೆ ಬದಿಯಲ್ಲಿ ಅವರು. ಟೊಮೆಟೊ ಮಾರುವ ತಾಯಿಯೊಬ್ಬರು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಅಂಗಡಿಕಾರರ ಪ್ರತಿನಿಧಿ ತಮ್ಮ ಕಷ್ಟ ಹೇಳಿದರು: ಬಾಡಿಗೆ, ತೆರಿಗೆ, ವಿದ್ಯುತ್ ಬಿಲ್ಲು ಎಲ್ಲ ಕಟ್ಟಿ ಬಾಗಿಲು ತೆರೆದರೆ, ಮೆಟ್ಟಿಲ ಮುಂದೆಯೇ ಅದೇ ಸರಕು ಕಡಿಮೆ ಬೆಲೆಗೆ. ಅವರ ಮಾತಿನಲ್ಲೂ ನ್ಯಾಯವಿತ್ತು. ನನ್ನ ಸರದಿ ಬಂದಾಗ ಮನೆಯವರ ಮೊಣಕಾಲಿನ ಕಥೆಯನ್ನೂ, ಹೂವಿನಕ್ಕನ ಕಥೆಯನ್ನೂ ಹೇಳಿದೆ. ಆಗ ಆ ತಾಯಿ ಎದ್ದು ನಿಂತರು. "ಸ್ವಾಮಿ, ನೀವು ಜಾಗ ಅಳೆಯುತ್ತೀರಿ, ಹೊತ್ತು ಅಳೆಯುವುದಿಲ್ಲ. ಬೆಳಿಗ್ಗೆ ಒಂಬತ್ತರ ತನಕ ಅಂಗಡಿಗಳ ಬಾಗಿಲೇ ತೆರೆದಿರುವುದಿಲ್ಲ. ಆಗ ಹೂವಿನವರು, ಸೊಪ್ಪಿನವರು ಕೂತರೆ ಯಾರಿಗೆ ಅಡ್ಡ? ಸಂಜೆ ಜನ ಜಾಸ್ತಿ. ಆಗ ನಮ್ಮನ್ನು ಆಚೆ ಮೈದಾನದ ಗೋಡೆ ಪಕ್ಕ ಹಾಕಿ. ಆದರೆ ದೀಪ ಹಾಕಿಸಿಕೊಡಿ" ಎಂದರು. ಇಡೀ ಸಭೆಯಲ್ಲಿ ಪರಿಹಾರ ಹೇಳಿದವರು ಅವರೊಬ್ಬರೇ.

ಆದರೂ ಹೂವಿನಕ್ಕ ಪಟ್ಟಿಯಲ್ಲಿ ಇಲ್ಲವಲ್ಲ? "ಇವರು ನಿನ್ನೆ ಮೊನ್ನೆ ಬಂದವರಲ್ಲ ಎನ್ನಲು ಆಧಾರವೇನು?" ಎಂದು ಅಧಿಕಾರಿಗಳು ಕೇಳಿದರು. ಹೂವಿನಕ್ಕ ಮರುದಿನ ಒಂದು ತಂತಿಯನ್ನು ತಂದು ಮೇಜಿನ ಮೇಲಿಟ್ಟರು. ತಂತಿಗೆ ಪೋಣಿಸಿದ ನೂರಾರು ಸಣ್ಣ ಚೀಟಿಗಳು. ದಿನದಿನವೂ ಸುಂಕದವನು ಹರಿದುಕೊಡುತ್ತಿದ್ದ ರಸೀದಿಗಳು. ನಮ್ಮ ಊರಿನಲ್ಲಿ ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ. ಗುತ್ತಿಗೆ ಹಿಡಿದವನ ಆಳು ಬುಟ್ಟಿಗಿಷ್ಟು, ಗಾಡಿಗಿಷ್ಟು ಎಂದು ಎತ್ತುತ್ತಾನೆ. ಕೆಳಗಿನ ಚೀಟಿಗಳು ಎರಡು ರೂಪಾಯಿಯವು, ಹಳದಿಯಾಗಿದ್ದವು. ಮೇಲಿನವು ಹತ್ತು ರೂಪಾಯಿಯವು. "ಏನೂ ಕಟ್ಟದವರು" ಎಂದು ನಾನು ಯಾರ ಬಗ್ಗೆ ಸಿಟ್ಟುಗೊಂಡಿದ್ದೆನೋ ಅವರು ಪ್ರತಿದಿನ, ಮಳೆ ಬಂದು ವ್ಯಾಪಾರವಾಗದ ದಿನವೂ, ನೆಲಕ್ಕೆ ದುಡ್ಡು ಕಟ್ಟಿದ್ದರು. ವರ್ಷಕ್ಕೆ ಮುನ್ನೂರು ದಿನವೆಂದು ಹಿಡಿದರೂ ದಿನಕ್ಕೆ ಹತ್ತರಂತೆ ಮೂರು ಸಾವಿರ ರೂಪಾಯಿ. ನನ್ನ ಮನೆಯ ಕಂದಾಯ ಆಗ ಅದಕ್ಕಿಂತ ಕಡಿಮೆಯಿತ್ತು.

ಎರಡು ಸಮೀಕ್ಷೆಗಳ ನಡುವೆ ಅರ್ಜಿ ಹಾಕಿದವರಿಗೂ ಜಾಗದ ಮಿತಿ ನೋಡಿ ಪ್ರಮಾಣಪತ್ರ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಊರಿನ ಅಥವಾ ವಾರ್ಡಿನ ಜನಸಂಖ್ಯೆಯ ಶೇಕಡಾ 2.5ರ ಮಿತಿಗೆ ಒಳಪಟ್ಟು ವ್ಯಾಪಾರಿಗಳಿಗೆ ನೆಲೆ ಒದಗಿಸಬೇಕೆಂಬ ಅಳತೆಯೂ ಇದೆ. ನಮ್ಮ ನಲವತ್ತು ಸಾವಿರಕ್ಕೆ ಅದು ಒಂದು ಸಾವಿರವಾಗುತ್ತದೆ. ಪಟ್ಟಿಯಲ್ಲಿದ್ದವರು ಅದರ ಅರ್ಧವೂ ಇರಲಿಲ್ಲ. ಹಾಗಾಗಿ ಬೆಳಗಿನವರಿಗಾಗಿ ಇನ್ನೊಮ್ಮೆ ಸಮೀಕ್ಷೆ ನಡೆಯಿತು, ಈ ಸಲ ಬೆಳಿಗ್ಗೆ ಆರಕ್ಕೆ. ಬೀದಿ ತೋರಿಸಲು ನಾನೂ ಹೋಗಿದ್ದೆ. 2019ರ ಕೊನೆಯಲ್ಲಿ ಹೂವಿನಕ್ಕನ ಕೈಗೆ ಪ್ರಮಾಣಪತ್ರವೂ, ಭಾವಚಿತ್ರವಿರುವ ಗುರುತಿನ ಚೀಟಿಯೂ ಬಂದವು. ಬೆಳಿಗ್ಗೆ ಐದರಿಂದ ಹತ್ತು, ದೇವಾಲಯದ ಗೇಟಿನ ಬಲಬದಿ. ಸುಣ್ಣದಲ್ಲಿ ಗೆರೆ ಎಳೆದ ಒಂದು ಚೌಕ. ಸಂಜೆಯ ಗಾಡಿಗಳು ಮೈದಾನದ ಗೋಡೆಯ ಪಕ್ಕಕ್ಕೆ ಹೋದವು. ದೀಪ ಬರಲು ಮತ್ತೆ ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕೆಲವರ ವ್ಯಾಪಾರ ಅರ್ಧಕ್ಕಿಳಿದದ್ದೂ ನಿಜ.

ಆ ಒಂದು ಚೀಟಿಯ ಬೆಲೆ ನನಗೆ ತಿಳಿದದ್ದು 2020ರಲ್ಲಿ. ಕೊರೋನಾದಿಂದ ದೇವಾಲಯಗಳು ಮುಚ್ಚಿದವು, ಮದುವೆಗಳು ನಿಂತವು, ಹೂವು ಕೇಳುವವರಿಲ್ಲ. ಕೈಯಲ್ಲಿದ್ದ ಬಂಡವಾಳವೆಲ್ಲ ಹೊಟ್ಟೆಗೆ ಹೋಯಿತು. ಆ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಯೋಜನೆ ತಂದಿತು. ಬೀದಿ ವ್ಯಾಪಾರಿಗಳಿಗೆ ಯಾವ ಅಡಮಾನವೂ ಇಲ್ಲದೆ ಹತ್ತು ಸಾವಿರ ರೂಪಾಯಿ ಸಾಲ. ಬ್ಯಾಂಕಿನವರು ಮೊದಲು ಕೇಳಿದ್ದು ಅದೇ ಗುರುತಿನ ಚೀಟಿಯನ್ನು. ಹೂವಿನಕ್ಕ ಸಾಲ ಪಡೆದರು, ತೀರಿಸಿದರು, ಎರಡನೆಯ ಸಲ ಇಪ್ಪತ್ತು ಸಾವಿರ ಪಡೆದರು. 2025ರಲ್ಲಿ ಈ ಯೋಜನೆಯನ್ನು 2030ರ ಮಾರ್ಚ್‌ವರೆಗೆ ಮುಂದುವರಿಸಿ, ಮೊದಲ ಕಂತನ್ನು ಹದಿನೈದು ಸಾವಿರಕ್ಕೆ, ಎರಡನೆಯದನ್ನು ಇಪ್ಪತ್ತೈದು ಸಾವಿರಕ್ಕೆ ಏರಿಸಿದ್ದಾರೆ. ನಿಮ್ಮ ಬೀದಿಯ ವ್ಯಾಪಾರಿಗೆ ಇದು ತಿಳಿಯದಿದ್ದರೆ ದಯವಿಟ್ಟು ತಿಳಿಸಿರಿ.

ಇನ್ನು ನನ್ನ ಸಹಿಯ ವಿಷಯ. ಅದು ಎದೆಯಲ್ಲಿ ಮುಳ್ಳಾಗಿ ಉಳಿದೇ ಇತ್ತು. ದೇವಾಲಯ ಮತ್ತೆ ತೆರೆದ ಮೇಲೆ ಒಂದು ಮುಂಜಾನೆ, ಪೂಜೆಗೆ ಇನ್ನೂ ಗಂಟೆ ಹೊಡೆದಿರಲಿಲ್ಲ. ಅವರ ಚೌಕದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹೇಳಿಬಿಟ್ಟೆ: "ಅಕ್ಕ, ಅವತ್ತು ಲಾರಿ ತರಿಸಿದ ಅರ್ಜಿ ಬರೆದವನು ನಾನೇ."

ಅವರು ನಾರಿನ ಗಂಟು ಬಿಗಿಯುತ್ತಲೇ ಇದ್ದರು. "ಗೊತ್ತು ಮೇಷ್ಟ್ರೇ. ಗೋಣಿ ಬಿಡಿಸಿಕೊಳ್ಳಲು ಆಫೀಸಿಗೆ ಹೋದಾಗ ಗುಮಾಸ್ತ ಹೇಳಿದ್ದ. ಅದಕ್ಕೇ ನಿಮ್ಮ ಹತ್ತಿರ ಬಂದೆ. ಎಬ್ಬಿಸಿ ಅಂದಾಗ ನಿಮ್ಮ ಮಾತು ಕೇಳಿದವರು, ಕೂರಿಸಿ ಅಂದರೂ ಕೇಳುತ್ತಾರೆ ಅಂತ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರಮ್ಮನ ಕಾಲು ಈಗ ಹೇಗಿದೆ?" ಎಂದು ಕೇಳಿದರು. ನನ್ನ ಮನೆಯವರು ಟೀಚರಲ್ಲ. ಆದರೂ ಹೂವಿನಕ್ಕನ ಬಾಯಲ್ಲಿ ಅವರು ಎಂದಿನಿಂದಲೂ ಟೀಚರಮ್ಮ.

ಓದುಗರೇ, ಒಂದು ಊರಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದನ್ನು ಪುರಸಭೆ ತೀರ್ಮಾನಿಸುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜಕ್ಕೂ ಅದು ಯಾರ ಅರ್ಜಿ ಅಲ್ಲಿಗೆ ತಲುಪುತ್ತದೆಯೋ ಅವರ ಕಡೆಗೆ ವಾಲುತ್ತದೆ. ಅಕ್ಷರ ಬಲ್ಲ ನಮ್ಮ ಅರ್ಜಿ ಬೇಗ ತಲುಪುತ್ತದೆ, ಹೆಬ್ಬೆಟ್ಟಿನದು ನಿಧಾನ. ಬರೆಯಬೇಡಿ ಎಂದು ನಾನು ಹೇಳುವುದಿಲ್ಲ. ನಡೆಯಲು ದಾರಿ ಕೇಳಿರಿ, ಕೇಳಲೇಬೇಕು. ಆದರೆ "ಎಲ್ಲ" ಎಂದು ಬರೆಯುವ ಮುನ್ನ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಆ ಬೀದಿಯಲ್ಲಿ ನಡೆದು ನೋಡಿರಿ. ಸಮೀಕ್ಷೆ ಐದು ವರ್ಷಕ್ಕೊಮ್ಮೆಯಾದರೂ ನಡೆಯಬೇಕೆಂದು ಕಾನೂನಿದೆ. ನಿಮ್ಮ ಊರಿನಲ್ಲಿ ಎಂದು ನಡೆಯಿತು, ಸಮಿತಿಯಲ್ಲಿ ವ್ಯಾಪಾರಿಗಳು ಇದ್ದಾರೆಯೇ ಎಂದು ವಿಚಾರಿಸಿರಿ. ಬೀದಿಯಲ್ಲಿ ಕೂರುವವರ ಪರವಾಗಿ "ಇವರನ್ನು ನಾನು ಇಷ್ಟು ವರ್ಷದಿಂದ ಬಲ್ಲೆ" ಎಂದು ಸಾಕ್ಷಿ ನುಡಿಯಲು ಗಿರಾಕಿಗಳಾದ ನಮ್ಮಷ್ಟು ಅರ್ಹರು ಬೇರೆ ಯಾರಿದ್ದಾರೆ?

ಸೀಬೆಹಣ್ಣಿನ ಮುದುಕನ ವಿಷಯ ಹೇಳದೆ ಮುಗಿಸಲಾರೆ. ಲಾರಿ ಬಂದ ಆ ಗುರುವಾರ ಅವನ ಗೋಣಿತಾಟೂ ಹೋಯಿತು. ಅವನು ಅರ್ಜಿ ಬರೆಸಲು ಯಾರ ಬಾಗಿಲಿಗೂ ಹೋಗಲಿಲ್ಲ. ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ, ಏಕೆಂದರೆ ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಗಿನ ಪೂಜೆಗೆ ಹೋಗುವಾಗ ಅವನು ಕೂರುತ್ತಿದ್ದ ಜಾಗದ ಬಳಿ ನನ್ನ ಹೆಜ್ಜೆ ಈಗಲೂ ನಿಧಾನವಾಗುತ್ತದೆ.